ಹತ್ತು ನಿಮಿಷ ಯಾರೂ ಕರೀಬೇಡಿ

ನಮ್ಮ ಸಂಸಾರಗಳಲ್ಲಿ ಸುಸ್ತಾಗುವುದಕ್ಕೆ ಪೂರ್ಣ ಸ್ವಾತಂತ್ರ್ಯವಿದೆ. ಎಷ್ಟು ಬೇಕಾದರೂ ಸುಸ್ತಾಗಿ, ಯಾರೂ ಅಡ್ಡಿ ಮಾಡುವುದಿಲ್ಲ. ಹಬ್ಬದ ದಿನವಂತೂ ಪೈಪೋಟಿಯ ಮೇಲೆ ಸುಸ್ತಾಗುತ್ತೇವೆ. ತಕರಾರು ಶುರುವಾಗುವುದು ಸುಸ್ತಾರಿಸಿಕೊಳ್ಳೋಣ ಅಂತ ಕೂತಾಗ. ಕಣ್ಣು ಬಿಟ್ಟುಕೊಂಡು ಸುಮ್ಮನೆ ಕೂತಿರೋ, "ಹೇಗೂ ಖಾಲಿ ಕೂತಿದೀಯ, ಒಂಚೂರು ಮೇಲೆ ಹೋಗಿ ಬಟ್ಟೆ ಒಣಗಿದ್ಯಾ ನೋಡು" ಎಂದು ಒಳಗಿನಿಂದ ಆಜ್ಞೆ ಬರುತ್ತದೆ. ಕಣ್ಣು ಮುಚ್ಚಿ ಸೋಫಾಗೆ ಒರಗಿದಿರೋ, "ಯಾಕೆ, ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡುತ್ತಾರೆ. ಜ್ವರ ಇಲ್ಲ ಅಂತ ಖಾತ್ರಿಯಾದ ಮೇಲೆ ಮತ್ತೆ ಅದೇ ಮಹಡಿ, ಅದೇ ಬಟ್ಟೆ. ಆದರೆ ಆ ಮುಚ್ಚಿದ ಕಣ್ಣಿನ ಜೊತೆಗೆ ಬೆನ್ನು ನೆಟ್ಟಗೆ ಮಾಡಿ, ಎರಡು ಬೆರಳು ಜೋಡಿಸಿ ಕೂತು ನೋಡಿ. ಇಡೀ ಮನೆ ತುದಿಗಾಲಲ್ಲಿ ನಡೆಯುತ್ತದೆ. ಮೊಮ್ಮಗನ ಬಾಯಿಗೆ ಬೆರಳಿಟ್ಟು "ಶ್... ತಾತ ಧ್ಯಾನದಲ್ಲಿದಾರೆ" ಅನ್ನುತ್ತಾರೆ. ಧ್ಯಾನಕ್ಕೂ ಮಲಗುವುದಕ್ಕೂ ಬೆನ್ನುಮೂಳೆಯ ತೊಂಬತ್ತು ಡಿಗ್ರಿಯಷ್ಟೇ ವ್ಯತ್ಯಾಸ ಎಂಬುದನ್ನು ನಮ್ಮನೆಯವರು ನಿವೃತ್ತರಾದ ಮೇಲೆ ಕಂಡುಕೊಂಡರು.

ಅವರ ಧ್ಯಾನ ಇರುವುದು ಮೊಬೈಲಿನಲ್ಲಿ. ಒಂದು ಆ್ಯಪ್ ಹಾಕಿಸಿಕೊಂಡಿದ್ದಾರೆ. ಬೆಳಿಗ್ಗೆ ಆರೂವರೆಗೆ ಅದು 'ಟಿಂಗ್' ಅನ್ನುತ್ತದೆ. ಒಬ್ಬ ಗಂಭೀರ ದನಿಯವನು ಇಂಗ್ಲಿಷಿನಲ್ಲಿ ಉಸಿರು ಎಳೆದುಕೊಳ್ಳಿ ಅನ್ನುತ್ತಾನೆ, ಇವರು ಎಳೆದುಕೊಳ್ಳುತ್ತಾರೆ. ಬಿಡಿ ಅನ್ನುತ್ತಾನೆ, ಬಿಡುತ್ತಾರೆ. ನಾನು ಮದುವೆಯಾದಾಗಿನಿಂದ ಹೇಳಿದ ಒಂದು ಮಾತನ್ನೂ ಮೊದಲ ಸಲಕ್ಕೆ ಕೇಳದ ಮನುಷ್ಯ! ಹತ್ತು ನಿಮಿಷ ಆದ ಮೇಲೆ ಪರದೆಯಲ್ಲಿ ಒಂದು ಬೆಂಕಿಯ ಚಿತ್ರ ಮೂಡಿ, ಇಷ್ಟು ದಿನದಿಂದ ತಪ್ಪಿಸದೆ ಕೂತಿದ್ದೀರಿ, ಭೇಷ್ ಅನ್ನುತ್ತದೆ. ಈ ಬೆಂಕಿ ಆರಬಾರದು ಎನ್ನುವುದೇ ಈಗ ಅವರ ಜೀವನದ ಗುರಿ. ಅಗ್ನಿಹೋತ್ರಿಗಳೂ ಇಷ್ಟು ಕಾಳಜಿ ಮಾಡಿದ್ದರೋ ಇಲ್ಲವೋ. ಒಮ್ಮೆ ತಿಪಟೂರಿನಲ್ಲಿ ಹತ್ತಿರದವರ ಮದುವೆ. ಧಾರೆಯ ಹೊತ್ತಿಗೆ ಇವರಿಲ್ಲ. ಪುರೋಹಿತರು ಕೂಗುತ್ತಿದ್ದಾರೆ, ವಾದ್ಯದವರು ಗಟ್ಟಿಮೇಳಕ್ಕೆ ಕಾಯುತ್ತಿದ್ದಾರೆ, ನಾನು ಛತ್ರವೆಲ್ಲ ಜಾಲಾಡುತ್ತಿದ್ದೇನೆ. ಕೊನೆಗೆ ಉಗ್ರಾಣದಲ್ಲಿ ಸಿಕ್ಕರು. ಈರುಳ್ಳಿ ಮೂಟೆಯ ಮೇಲೆ ಪಂಚೆ ಉಟ್ಟು ಪದ್ಮಾಸನ ಹಾಕಿ, ಕಿವಿಗೆ ವೈರು ಸಿಕ್ಕಿಸಿಕೊಂಡು, ಬೆಂಕಿ ಕಾಯುತ್ತಿದ್ದರು. ಮುಖ ನೋಡಿದರೆ ವಿಶ್ರಾಂತಿ ತೆಗೆದುಕೊಳ್ಳುತ್ತಿರುವವರ ಮುಖ ಅನ್ನುವ ಹಾಗಿರಲಿಲ್ಲ. ಮಾರ್ಚ್ 31ರ ಸಂಜೆ ಬ್ಯಾಂಕಿನವರ ಮುಖ ಇರುತ್ತಲ್ಲ, ಅದು.

ದಣಿವಾರಿಸಿಕೊಳ್ಳುವುದನ್ನೂ ಒಂದು ಕೆಲಸ ಮಾಡಿಕೊಂಡರೇನೇ ನಮಗೆ ಸಮಾಧಾನ ಅಂತ ಕಾಣುತ್ತದೆ. ನನ್ನನ್ನು ಕೇಳಿದರೆ ನಮಗೆ ಕೆಲಸದ ಭಯ ಇಲ್ಲವೇ ಇಲ್ಲ. ಭಯ ಇರುವುದು ಕೈಯಲ್ಲಿ ಕೆಲಸವಿಲ್ಲದೆ ಸಿಕ್ಕಿಬೀಳುವುದರ ಬಗ್ಗೆ. ಅದಕ್ಕೇ ಯಾರಾದರೂ ಫೋನ್ ಮಾಡಿ "ಏನ್ಮಾಡ್ತಿದೀರಿ?" ಎಂದರೆ, ಬಾಯಿಗೆ ಬರುವ ಮೊದಲ ಮಾತು "ಈಗ ತಾನೇ ಕೂತೆ ನೋಡಿ." ಒಂದು ಗಂಟೆಯಿಂದ ಕೂತಿದ್ದೆ ಎಂದು ಹೇಳಿದ ಒಬ್ಬ ಧೈರ್ಯವಂತೆಯನ್ನೂ ನಾನು ಕಂಡಿಲ್ಲ.

ಇದು ಬರೀ ನಮ್ಮ ಬೀದಿಯ ಕತೆ ಅಂದುಕೊಳ್ಳಬೇಡಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊತಿ ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು ಸಂಗಡಿಗರ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಪ್ರಯೋಗ ಅಂದರೆ ಮತ್ತೇನಿಲ್ಲ, ಒಬ್ಬೊಬ್ಬರನ್ನೇ ಖಾಲಿ ಕೋಣೆಯಲ್ಲಿ 15 ನಿಮಿಷ ಕೂರಿಸುವುದು. ಫೋನಿಲ್ಲ, ಪುಸ್ತಕವಿಲ್ಲ, ತೂಕಡಿಸುವಂತಿಲ್ಲ. ಬೇಕಾದರೆ ಒತ್ತಿಕೊಳ್ಳಲು ಒಂದು ಗುಂಡಿ ಮಾತ್ರ ಇದೆ, ಒತ್ತಿದರೆ ಕರೆಂಟು ಹೊಡೆಯುತ್ತದೆ. ಆ ಕರೆಂಟಿನ ರುಚಿಯನ್ನು ಮೊದಲೇ ತೋರಿಸಿ, "ಅಯ್ಯೋ ಬೇಡ, ಇದನ್ನು ತಪ್ಪಿಸಿಕೊಳ್ಳೋಕೆ ದುಡ್ಡು ಬೇಕಾದರೂ ಕೊಡ್ತೀವಿ" ಎಂದವರನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದು. ಅಂಥವರಲ್ಲಿ 18 ಗಂಡಸರ ಪೈಕಿ 12 ಜನ, 24 ಹೆಂಗಸರ ಪೈಕಿ 6 ಜನ, ಕೈ ತಡೆಯಲಾರದೆ ಗುಂಡಿ ಒತ್ತಿಯೇಬಿಟ್ಟರು. ಒಬ್ಬ ಪುಣ್ಯಾತ್ಮನಂತೂ 190 ಸಲ! ಇದನ್ನು ನಮ್ಮವರಿಗೆ ಓದಿ ಹೇಳಿದೆ. "ಎಷ್ಟು ವೋಲ್ಟು?" ಅಂದರು.

ಹೆಂಗಸರು ಯಾಕೆ ಕಡಿಮೆ ಒತ್ತಿದರು ಎನ್ನುವುದಕ್ಕೆ ವಿಜ್ಞಾನಿಗಳು ಏನೇನೋ ಹೇಳಬಹುದು. ನನಗೆ ಹೊಳೆದ ಕಾರಣ ಸರಳವಾಗಿದೆ. ಬಾಗಿಲು ಹಾಕಿದ ಕೋಣೆ, ಹದಿನೈದು ನಿಮಿಷ, ಒಳಗೆ ಬಂದು "ಅಮ್ಮಾ, ನನ್ನ ಬನಿಯನ್ ಎಲ್ಲಿ?" ಅಂತ ಕೇಳುವವರು ಯಾರೂ ಇಲ್ಲ. ಇದನ್ನು ಪ್ರಯೋಗ ಅಂತ ಯಾಕೆ ಕರೆದರು ಎಂದೇ ಆ ಹೆಂಗಸರಿಗೆ ಗೊತ್ತಾಗಿರಲಿಕ್ಕಿಲ್ಲ.

ಕಾಲು ಚಾಚಿ ಕೂತರೆ ಕಾಲಿಗೆ ವಿಶ್ರಾಂತಿ ಸಿಗುತ್ತದೆ, ಒಪ್ಪೋಣ. ಮೇಲಿನ ಅಂತಸ್ತಿನವರ ಕತೆ ಬೇರೆ. ಮಿದುಳು ತೂಕದಲ್ಲಿ ಮೈಯ ನೂರರಲ್ಲಿ ಎರಡು ಪಾಲು. ತಿನ್ನುವುದು ಮಾತ್ರ ನೂರರಲ್ಲಿ ಇಪ್ಪತ್ತು ಪಾಲು. ಕೆಲಸವಿಲ್ಲದಾಗ ಊಟ ಕಮ್ಮಿ ಮಾಡುತ್ತದೆಯೇ ಅಂದರೆ, ಅದೂ ಇಲ್ಲ. ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ಮತ್ತು ಅವರ ಜೊತೆಯವರು 2001ರಲ್ಲಿ ತೋರಿಸಿಕೊಟ್ಟ ಹಾಗೆ, ನಾವು ಏನೂ ಮಾಡದೆ ಬಿದ್ದುಕೊಂಡಾಗಲೇ ಹೆಚ್ಚು ಚುರುಕಾಗುವ ಭಾಗಗಳು ಮಿದುಳಿನಲ್ಲಿವೆ. ಡಿಫಾಲ್ಟ್ ಮೋಡ್ ಅಂತ ಅದಕ್ಕೊಂದು ಹೆಸರು. ಆ ಭಾಗಗಳ ಕಸುಬು ಏನಪ್ಪಾ ಅಂದರೆ ನನ್ನ ವಿಷಯ, ನಿನ್ನ ವಿಷಯ, ಹಿಂದೆ ಆಗಿದ್ದು, ಮುಂದೆ ಆಗಬಹುದಾದ್ದು. ದೊಡ್ಡ ಮಗನ ನಾಮಕರಣದಲ್ಲಿ ನಾದಿನಿ ಎಲ್ಲರ ಮುಂದೆ ಒಂದು ಮಾತು ಅಂದಿದ್ದಳು. ಅದಕ್ಕೆ ಸರಿಯಾದ, ಖಡಕ್ ಆದ, ತಿರುಗಿ ಬಾಯಿ ತೆಗೆಯದಂಥ ಉತ್ತರ ಮೊನ್ನೆ ಮಧ್ಯಾಹ್ನ ಚಾಪೆಯ ಮೇಲೆ ಅಡ್ಡಾದಾಗ ಹೊಳೆಯಿತು. ಆ ಮಗನಿಗೆ ಈಗ ತಲೆ ನರೆತಿದೆ.

ಎದ್ದಿರುವ ಹೊತ್ತಿನಲ್ಲಿ ಸುಮಾರು ಅರ್ಧ ಭಾಗ, ಕರಾರುವಾಕ್ಕಾಗಿ ನೂರಕ್ಕೆ 46.9ರಷ್ಟು, ನಮ್ಮ ಮನಸ್ಸು ಮಾಡುತ್ತಿರುವ ಕೆಲಸ ಬಿಟ್ಟು ಬೇರೆಲ್ಲೋ ಇರುತ್ತದೆ ಎಂದು ಹಾರ್ವರ್ಡಿನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಲೆಕ್ಕ ಹಾಕಿದರು. ಹಾಗೆ ಬೇರೆಲ್ಲೋ ಹೋಗಿ ಅಲ್ಲಾದರೂ ಸುಖವಾಗಿರುತ್ತದೆಯೇ? ಇಲ್ಲವಂತೆ. ಮನಸ್ಸು ಹಾಗೆ ಹೋದಾಗ ಜನ, ಅದು ಇಲ್ಲೇ ಇದ್ದಾಗಿನದಕ್ಕಿಂತ ಕಮ್ಮಿ ಖುಷಿಯಲ್ಲಿದ್ದರಂತೆ. ಮನಸ್ಸು ಮಂಗ ಎಂದು ಬಸವಣ್ಣನವರು ಯಾವತ್ತೋ ಹೇಳಿ ಮುಗಿಸಿದ್ದಾರೆ, ಆದರೂ ದಶಮಾಂಶದ ಸಮೇತ ಹೇಳಿದರೆ ನಮ್ಮ ಸೊಸೆಯಂಥವರು ಬೇಗ ಒಪ್ಪಿಕೊಳ್ಳುತ್ತಾರೆ.

ಈಗಿನ ಈ ಉಸಿರು ನೋಡುವ ಉದ್ಯಮಕ್ಕೆ ಅಡಿಗಲ್ಲು ಬಿದ್ದದ್ದು ಆಸ್ಪತ್ರೆಯಲ್ಲಿ. ಜಾನ್ ಕಬಾಟ್-ಜಿನ್ ಎಂಬ ಆಣ್ವಿಕ ಜೀವವಿಜ್ಞಾನಿ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕ್ಲಿನಿಕ್ ತೆರೆದರು. ವಾಸಿಯಾಗದ ಬೆನ್ನುನೋವು, ತಲೆನೋವು ಹೊತ್ತು ಡಾಕ್ಟರರಿಂದ ಡಾಕ್ಟರರಿಗೆ ಅಲೆದು, "ಇನ್ನು ನಮ್ಮ ಕೈಲಿ ಆಗಲ್ಲ" ಅನ್ನಿಸಿಕೊಂಡವರೇ ಅಲ್ಲಿಗೆ ಬರುತ್ತಿದ್ದದ್ದು. ಎಂಟು ವಾರದ ಪಾಠ. ಅದರಲ್ಲಿ ಮೊದಲ ಅಧ್ಯಾಯವೇ ಒಣದ್ರಾಕ್ಷಿ. ಒಂದೇ ಒಂದು ದ್ರಾಕ್ಷಿ ಅಂಗೈಗೆ ಹಾಕಿ, ಇದನ್ನು ಜನ್ಮದಲ್ಲಿ ಕಂಡಿಲ್ಲ ಎಂದುಕೊಂಡು ನೋಡಿ, ಮೂಸಿ, ಕಿವಿಯ ಹತ್ತಿರ ಹಿಡಿದು ಹಿಚುಕಿ, ನಾಲಿಗೆಯ ಮೇಲಿಡಿ, ಅಗಿಯಬೇಡಿ, ಈಗ ಅಗಿಯಿರಿ ಎಂದು ಹೇಳಿಕೊಡುತ್ತಾರೆ. ನಮ್ಮನೆಗೆ ಊಟಕ್ಕೆ ಬಂದ ನೆಂಟರು ಪಾಯಸದ ದ್ರಾಕ್ಷಿಗೆ ಇಷ್ಟು ತಪಾಸಣೆ ಮಾಡಿದರೆ ಹುಳ ಇದೆ ಎಂಬ ಅನುಮಾನ ಇರಬೇಕು ಅಂತ ನಾನು ಮುಖ ಊದಿಸಿಕೊಳ್ಳುತ್ತೇನೆ.

ಆದರೂ ಒಂದು ದಿನ, ಯಾರೂ ಇಲ್ಲದ ಹೊತ್ತಿನಲ್ಲಿ, ಡಬ್ಬದಿಂದ ಒಂದನ್ನು ತೆಗೆದುಕೊಂಡೆ. ಇಷ್ಟು ವರ್ಷ ತುಪ್ಪದಲ್ಲಿ ಹುರಿದು ಹುರಿದು ಹಾಕಿದ್ದೇನೆ, ಅದಕ್ಕೆ ತೊಟ್ಟು ಕಿತ್ತ ಜಾಗದಲ್ಲಿ ಒಂದು ಪುಟಾಣಿ ಬೊಟ್ಟು ಇರುತ್ತದೆ ಅಂತ ಗೊತ್ತಿರಲಿಲ್ಲ. ಬೆಳಕಿಗೆ ಹಿಡಿದರೆ ಸುಕ್ಕುಗಳ ನಡುವೆ ಜೇನಿನ ಬಣ್ಣ. ಕಿವಿಯ ಹತ್ತಿರ ಹಿಚುಕಿದರೆ ನಿಜವಾಗಲೂ ಏನೋ ಒಂದು ಅಂಟು ಸದ್ದು. ನಾಲಿಗೆಯ ಮೇಲಿಟ್ಟರೆ ಮೊದಲು ಏನೂ ಇಲ್ಲ, ಆಮೇಲೆ ಸಿಪ್ಪೆಯ ಸಣ್ಣ ಒಗರು, ಹಲ್ಲು ತಾಗಿದ ಮೇಲೇ ಸಿಹಿ. ಅಷ್ಟರಲ್ಲಿ ಮೊಮ್ಮಗ ಎಲ್ಲಿಂದಲೋ ಪ್ರತ್ಯಕ್ಷನಾಗಿ, "ಅಜ್ಜಿ ಕದ್ದು ತಿಂತಿದಾಳೆ!" ಎಂದು ಇಡೀ ಮನೆಗೆ ಸಾರಿದ. ಅವನ ದ್ರಾಕ್ಷಿ ಅಭ್ಯಾಸ ನನಗಿಂತ ಮುಂದುವರಿದಿದೆ. ಹಿಡಿತುಂಬ ತೆಗೆದುಕೊಂಡು ಮಂಚದ ಕೆಳಗೆ ಕೂತು ಪೂರ್ತಿ ಏಕಾಗ್ರತೆಯಿಂದ ತಿನ್ನುತ್ತಾನೆ.

ಕಬಾಟ್-ಜಿನ್ ಹೇಳಿದ ಅಭ್ಯಾಸ ದಿನಕ್ಕೆ 45 ನಿಮಿಷ. ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಕೂರಬಲ್ಲವರಿಗೆ ಅದಾಗಲೇ ವಿಶ್ರಾಂತಿ ಸಿಕ್ಕಿರುತ್ತದೆ, ಇನ್ನು ಪಾಠ ಯಾಕೆ? ಹೀಗಾಗಿ ದೊಡ್ಡ ಬಾಟಲಿಯ ಶಾಂಪೂ ಸ್ಯಾಷೆಗೆ ಇಳಿದ ಹಾಗೆ ಇದೂ ಇಳಿಯಿತು. ಮೇಲಿಂದ ಮೇಲೆ ಖಿನ್ನತೆಗೆ ಬೀಳುವವರಿಗಾಗಿ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಇದೇ ಪಾಠವನ್ನು ತಿದ್ದಿ ಕಟ್ಟಿದಾಗ ಮೂರೇ ನಿಮಿಷದ ಒಂದು ಉಸಿರಾಟದ ಬಿಡುವನ್ನು ಸೇರಿಸಿದರು. ಆಮೇಲೆ ಬಂದವು ಆ್ಯಪ್‌ಗಳು. 2010ರಲ್ಲಿ ಶುರುವಾದ ಹೆಡ್‌ಸ್ಪೇಸ್‌ನ ಆ್ಯಂಡಿ ಪಡಿಕೋಂಬ್ ಮೊದಲು ಬೌದ್ಧ ಭಿಕ್ಷುವಾಗಿದ್ದವರು, ಚೀವರ ಕಳಚಿಟ್ಟ ಮೇಲೆ ಸರ್ಕಸ್ ವಿದ್ಯೆ ಕಲಿತವರು. ನನಗೆ ಆ ಮನುಷ್ಯನ ಮೇಲೆ ಗೌರವ ಬಂದಿದ್ದೇ ಈ ವಿವರ ತಿಳಿದ ಮೇಲೆ. ಸನ್ಯಾಸ, ಸರ್ಕಸ್ಸು ಎರಡೂ ಗೊತ್ತಿದ್ದವನಿಗಲ್ಲದೆ ಸಂಸಾರಸ್ಥರಿಗೆ ಧ್ಯಾನ ಹೇಳಿಕೊಡುವ ಅರ್ಹತೆ ಇನ್ಯಾರಿಗಿದೆ?

ಎದುರುಮನೆ ರಾಯರಿಗೆ ಸ್ಯಾಷೆ ಒಗ್ಗುವುದಿಲ್ಲ, ಎಲ್ಲ ಸಗಟಿನಲ್ಲೇ ಆಗಬೇಕು. ಹತ್ತು ದಿನದ ವಿಪಶ್ಯನ ಧ್ಯಾನದ ಶಿಬಿರಕ್ಕೆ ಹೋಗಿ ಬಂದರು. ಬೆಂಗಳೂರಿನ ಹತ್ತಿರವೇ ಆಲೂರಿನಲ್ಲಿ ಕೇಂದ್ರವಿದೆ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ಹನ್ನೊಂದಕ್ಕೆ ಊಟ, ಮಾತು ಬಂದ್, ಫೋನು ಬೀರುವಿನಲ್ಲಿ. ಮೊದಲ ಮೂರು ದಿನ ಮೂಗಿನ ಹೊಳ್ಳೆಯ ಹತ್ತಿರ ಉಸಿರು ಬರುವುದು ಹೋಗುವುದು ನೋಡುತ್ತಾ ಕೂರುವುದಷ್ಟೇ ಕೆಲಸವಂತೆ. ಫೀಸಿಲ್ಲ, ಕೊನೆಗೆ ಇಷ್ಟವಿದ್ದವರು ದಾನ ಕೊಡಬಹುದು. ವಾಪಸ್ ಬಂದ ರಾಯರು ಮೌನದ ಮಹಿಮೆಯ ಬಗ್ಗೆ ನಮ್ಮನೆ ಸತ್ಯನಾರಾಯಣ ಪೂಜೆಯಲ್ಲಿ ಮೂರನೇ ಅಧ್ಯಾಯಕ್ಕೆ ಮಾತು ಶುರು ಮಾಡಿದವರು ಐದನೇ ಅಧ್ಯಾಯ ಮುಗಿದು ಸಜ್ಜಿಗೆ ಕೈಗೆ ಬರುವವರೆಗೂ ನಿಲ್ಲಿಸಲಿಲ್ಲ.

ಆ ಮಾತಿನ ನಡುವೆ ಒಂದು ಸ್ವಾರಸ್ಯ ಸಿಕ್ಕಿತು, ಅದಕ್ಕೆ ರಾಯರಿಗೆ ಕೃತಜ್ಞತೆ ಹೇಳಬೇಕು. ಈ ಪದ್ಧತಿಯನ್ನು 1969ರಲ್ಲಿ ಭಾರತಕ್ಕೆ ತಂದ ಸತ್ಯನಾರಾಯಣ ಗೋಯೆಂಕಾ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ವ್ಯಾಪಾರಿ. ಗುರುವನ್ನು ಹುಡುಕಿಕೊಂಡು ಹೋದದ್ದು ಮೋಕ್ಷಕ್ಕೆ ಅಲ್ಲವೇ ಅಲ್ಲ, ಅರೆತಲೆನೋವಿಗೆ. ಗುರು ಯಾರು? ಊ ಬಾ ಖಿನ್, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್! ಗುಹೆಯಿಲ್ಲ, ಜಟೆಯಿಲ್ಲ, ಲೆಕ್ಕಪತ್ರ, ಫೈಲು. ಅವರು ತಮ್ಮ ಕಚೇರಿಯಲ್ಲೇ ನೌಕರರನ್ನು ಧ್ಯಾನಕ್ಕೆ ಕೂರಿಸುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಕಣ್ಣು ಮುಚ್ಚಿ ಕೂರುವ ಸಂಪ್ರದಾಯ ನಮ್ಮಲ್ಲಿ ಇನ್ನೂ ಹಳೆಯದು ಎಂದು ನಮ್ಮವರು ಎಷ್ಟೇ ವಾದಿಸಲಿ, ಎರಡಕ್ಕೂ ವ್ಯತ್ಯಾಸ ಇದೆ. ಅವರು ಎದ್ದ ಮೇಲೆ ಫೈಲು ಮುಂದಕ್ಕೆ ಹೋಗುತ್ತಿತ್ತಂತೆ.

"ಇದೆಲ್ಲ ನಮ್ಮಲ್ಲೇ ಇತ್ತು" ಎನ್ನುವ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಇತ್ತು, ಯಾರು ಇಲ್ಲ ಅಂದರು? ಸಂಧ್ಯಾವಂದನೆಯಲ್ಲಿ ಪ್ರಾಣಾಯಾಮ ಇದೆ. ಆದರೆ ನಮ್ಮ ಚಿಕ್ಕಪ್ಪ ಏಳೂ ಹತ್ತರ ಬಸ್ಸಿಗೆ ಹೊರಡುವ ಮುಂಚೆ ಅದನ್ನು ಮುಗಿಸುವ ವೇಗ ನೋಡಿದರೆ ಉಸಿರು ಒಳಗೆ ಹೋಗಿದ್ದಕ್ಕೂ ಸಾಕ್ಷಿಯಿಲ್ಲ, ಹೊರಗೆ ಬಂದಿದ್ದಕ್ಕೂ ಇಲ್ಲ.

ಇನ್ನೊಂದು ವರ್ಗದವರು ನಮ್ಮಜ್ಜಿಯರನ್ನು ತೋರಿಸುತ್ತಾರೆ. ಹೂ ಕಟ್ಟುವುದು, ಅಕ್ಕಿ ಆರಿಸುವುದು, ಬತ್ತಿ ಹೊಸೆಯುವುದು, ಆಹಾ, ಅದೇ ಧ್ಯಾನ ಅನ್ನುತ್ತಾರೆ. ಇಲ್ಲಿ ನನ್ನದೊಂದು ತಕರಾರಿದೆ. ನಮ್ಮತ್ತೆ ಬತ್ತಿ ಹೊಸೆಯುತ್ತಿದ್ದುದನ್ನು ನಾನು ಎದುರಿಗೇ ಕೂತು ನೋಡಿದವಳು. ಮಧ್ಯಾಹ್ನ ಎಲ್ಲರ ಊಟವಾಗಿ, ಸಾರಿಸುವುದು ಮುಗಿದು, ನಡುಮನೆಯ ಕಂಬಕ್ಕೆ ಒರಗಿದರು ಅಂದರೆ ಮಡಿಲಲ್ಲಿ ಅರಳೆ ಇರಲೇಬೇಕು. ಬೀಜ ತೆಗೆದು ಹಿಂಜಿದ ಹತ್ತಿ. ಅದರಲ್ಲಿ ಚಿಟಿಕೆಯಷ್ಟು ಕಿತ್ತು, ಅಂಗೈಯಲ್ಲಿ ಹರವಿ, ನಡುವೆ ಬೆರಳೊತ್ತಿ, ಅಂಚುಗಳನ್ನೆಲ್ಲ ಮೇಲಕ್ಕೆ ಕೂಡಿಸಿ, ಪಕ್ಕದ ಬಟ್ಟಲಲ್ಲಿದ್ದ ಹಾಲಿಗೆ ಹೆಬ್ಬೆರಳು ತಾಗಿಸಿ ತುದಿಯನ್ನು ಒಂದು ಸಲ ಹೊಸೆದರೆ ಹೂಬತ್ತಿ. ಕೈ ಅದರಷ್ಟಕ್ಕೆ ಅದು ಹೋಗುತ್ತಿತ್ತು, ಕಣ್ಣು ಅರ್ಧ ಮುಚ್ಚಿರುತ್ತಿತ್ತು, ಉಸಿರು ಎಷ್ಟು ನಿಧಾನವೆಂದರೆ ಮೂಗುಬೊಟ್ಟು ಕೂಡ ಅಲುಗುತ್ತಿರಲಿಲ್ಲ. ಲಕ್ಷಬತ್ತಿಯ ವ್ರತ ಹಿಡಿದ ವರ್ಷ ಕೇಳುವುದೇ ಬೇಡ; ಲಕ್ಷ ಬತ್ತಿ ಅಂದರೆ ಲಕ್ಷ ಸಲ ಕೂತಿರಲು ಸಿಕ್ಕ ನೆವ.

ನೆವ, ಹೌದು. ಬತ್ತಿ ಇಲ್ಲದೆ ಅದೇ ಕಂಬಕ್ಕೆ ಅದೇ ಹೊತ್ತಿನಲ್ಲಿ ಅವರು ಒರಗಿ ಕೂತಿದ್ದರೆ, ನಮ್ಮ ಮಾವನವರು "ಕಾಫಿ ಆಯ್ತೇನೇ?" ಅನ್ನುತ್ತಿದ್ದರು. ಮಡಿಲಲ್ಲಿ ಹತ್ತಿ ಇದ್ದರೆ ಅದು ದೇವರ ಕೆಲಸ, ಕಾಫಿಗೆ ಅರ್ಧ ಗಂಟೆ ವಾಯಿದೆ ಸಿಗುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಮುಗಿದ ಮೇಲೂ ಮೊರದಲ್ಲಿ ಬೆರಳಾಡಿಸುತ್ತಾ ಕೂರುತ್ತಿದ್ದ ಹೆಂಗಸರು ಎಷ್ಟು ಜನವೋ! ವಿಶ್ರಾಂತಿಯನ್ನು ಕೆಲಸದ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬದುಕಿದವರು ಅವರು. ಅದನ್ನು ಧ್ಯಾನ ಅಂತ ಕರೆದು ಕೈಮುಗಿದುಬಿಟ್ಟರೆ, ಅವರಿಗೆ ಬರಿಗೈಲಿ ಕೂರಲು ಬಿಡದಿದ್ದವರೆಲ್ಲ ಸುಲಭವಾಗಿ ಪಾರಾಗುತ್ತಾರೆ.

ಸೊಸೆಯ ಕಾಲಕ್ಕೆ ಇದು ಉಲ್ಟಾ ಆಗಿದೆ. ಅವಳ ಕಂಪನಿಯಲ್ಲಿ ವಿಶ್ರಾಂತಿ ಕಡ್ಡಾಯ. ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಲ್ಯಾಪ್‌ಟಾಪಿನಲ್ಲಿ ಒಬ್ಬಾಕೆ ಬಂದು, ಎಲ್ಲರೂ ಭುಜ ಸಡಿಲ ಬಿಡಿ ಅನ್ನುತ್ತಾಳೆ. ಹಾಜರಿ ತೆಗೆದುಕೊಳ್ಳುತ್ತಾರೆ. ಇವಳು ಕ್ಯಾಮೆರಾ ಆಫ್ ಮಾಡಿ, ಭುಜ ಸಡಿಲ ಬಿಟ್ಟ ದನಿಯಲ್ಲಿ "ಯೆಸ್" ಎಂದು, ಮಗುವಿಗೆ ಮೊಸರನ್ನ ಕಲಸುತ್ತಾಳೆ. ಸಂಜೆ ಆರಕ್ಕೆ ಎದ್ದು ಹೋಗಿ ಅಂದಿದ್ದರೆ ಭುಜ ತಾನಾಗಿಯೇ ಇಳಿಯುತ್ತಿತ್ತು. ಅದು ಮಾತ್ರ ಆ ಕಾರ್ಯಕ್ರಮದಲ್ಲಿ ಇಲ್ಲ.

ಇಷ್ಟೆಲ್ಲ ಆಡಿಕೊಳ್ಳುವ ನೀನೇನು ಮಾಡ್ತೀಯ ಎಂದು ಕೇಳುತ್ತೀರಿ. ನಾನೂ ಕೂರುತ್ತೇನೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಇದೆ, ವಾಷಿಂಗ್ ಮೆಷಿನ್ ಬಂದ ಮೇಲೆ ಅದಕ್ಕೂ ನಿವೃತ್ತಿ. ಪಕ್ಕದಲ್ಲಿ ನುಗ್ಗೆಮರ. ತಿಂಡಿಯ ಪಾತ್ರೆ ತೊಳೆದ ಮೇಲೆ, ಅಡುಗೆಗೆ ಇಡುವ ಮುಂಚೆ, ಹತ್ತು ನಿಮಿಷ. ಸ್ನಾನ, ಮಡಿ, ಊದುಬತ್ತಿ ಯಾವುದೂ ಇಲ್ಲ. ಎಡಗೈ ಮಣಿಕಟ್ಟಿನ ಮೇಲೆ ಬಲಗೈ ಬೆರಳಿಟ್ಟು ನಾಡಿ ಹಿಡಿಯುತ್ತೇನೆ. ನೀವೂ ಮಾಡಿ ನೋಡಿ: ಉಸಿರು ಒಳಗೆ ಹೋಗುವಾಗ ನಾಡಿ ತುಸು ಅವಸರ ಮಾಡುತ್ತದೆ, ಹೊರಗೆ ಬಿಡುವಾಗ ನಿಧಾನಿಸುತ್ತದೆ. ವೇಗಸ್ ಎಂಬ ನರ ಉಸಿರು ಬಿಡುವಾಗ ಹೃದಯದ ಲಗಾಮು ಎಳೆಯುತ್ತದೆ, ಅದಕ್ಕೇ ನಿಟ್ಟುಸಿರು ಬಿಟ್ಟರೆ ಹಾಯೆನಿಸುವುದು. ವಯಸ್ಸಾದ ಹಾಗೆ ಈ ಏರಿಳಿತ ಸಣ್ಣದಾಗುತ್ತದೆ. ಮೊಮ್ಮಗನ ಕೈ ಹಿಡಿದರೆ ಸ್ಪಷ್ಟ, ನನ್ನದನ್ನು ಹುಡುಕಬೇಕು. ಹಾಗೆ ಹುಡುಕುವುದರಲ್ಲೇ ಮೊದಲ ಎರಡು ನಿಮಿಷ ಕಳೆಯುತ್ತದೆ.

ಆಮೇಲೆ ಮೆರವಣಿಗೆ ಶುರು. ಸಿಲಿಂಡರ್ ಬುಕ್ ಮಾಡಬೇಕು. ಹಾಲಿನವನಿಗೆ ಚಿಲ್ಲರೆ ಕೊಡಬೇಕು. ನಾದಿನಿ. ಉಸಿರು. ಹುಳಿಗೆ ನುಗ್ಗೆಕಾಯಿ ಹಾಕಲೋ ಬದನೆಕಾಯಿಯೋ. ಉಸಿರು. ಮತ್ತೆ ನಾದಿನಿ. ಮನಸ್ಸು ಖಾಲಿ ಮಾಡಬೇಕು ಎಂದು ತಿಳಿದವರು ಇಲ್ಲೇ ಸೋತೆವು ಎಂದು ಎದ್ದುಬಿಡುತ್ತಾರೆ. ಓಡಿಹೋದದ್ದು ಗೊತ್ತಾಗುವುದು, ಬೈಯದೆ ವಾಪಸ್ ಕರೆತರುವುದು, ಅಭ್ಯಾಸ ಅಂದರೆ ಅಷ್ಟೇ. ಓಡಿಹೋಗದಿದ್ದರೆ ಕರೆತರುವುದು ಏನನ್ನು? ನಿದ್ದೆ ಬಂದರೆ ಬರಲಿ. ರಾತ್ರಿಯ ಸಾಲ ಇದೆ ಎಂದು ಅರ್ಥ, ಸಾಲವನ್ನು ಧ್ಯಾನದಿಂದ ತೀರಿಸಲಾಗುವುದಿಲ್ಲ, ಮಲಗಿಯೇ ತೀರಿಸಬೇಕು. ಕೂತರೆ ಚಡಪಡಿಕೆಯಾಗುವವರಿಗೆ ಜಿಗಣಿಯ ವಿವೇಕಾನಂದ ಯೋಗ ಸಂಸ್ಥೆಯವರು ಆವರ್ತನ ಧ್ಯಾನ ಹೇಳಿಕೊಡುತ್ತಾರೆ, ಸ್ವಲ್ಪ ಮೈ ಬಾಗಿಸುವುದು, ಸ್ವಲ್ಪ ಸುಮ್ಮನಿರುವುದು, ಮತ್ತೆ ಬಾಗಿಸುವುದು. ತೂಕಡಿಸುವ ಮನಸ್ಸನ್ನು ಎಬ್ಬಿಸು, ಚೆದುರಿದ್ದನ್ನು ತಣ್ಣಗೆ ಮಾಡು ಎನ್ನುವ ಈ ಉಪಾಯ ಮಾಂಡೂಕ್ಯ ಕಾರಿಕೆಯದು. ಇನ್ನು ಕಣ್ಣು ಮುಚ್ಚಿದ ತಕ್ಷಣ ಎದೆ ಡವಡವ ಅನ್ನುವವರು, ಹಳೆಯ ಆಘಾತ ಕಣ್ಣೆದುರು ಬಂದು ನಿಲ್ಲುವವರು ಇದ್ದಾರೆ. ಅವರು ಕಣ್ಣು ತೆರೆದೇ ಕೂರಲಿ ಅಥವಾ ಕೂರುವುದೇ ಬೇಡ, ಒಳ್ಳೆಯ ಡಾಕ್ಟರನ್ನು ಕಾಣಲಿ. ಇದರಲ್ಲಿ ತಮಾಷೆಯಿಲ್ಲ.

ನನಗೆ ಕಷ್ಟವಾಗುವುದು ಉಸಿರೂ ಅಲ್ಲ, ನಾದಿನಿಯೂ ಅಲ್ಲ. ಹಿತ್ತಲ ಬಾಗಿಲ ಕಡೆ ಯಾರದಾದರೂ ಕಾಲಸಪ್ಪಳ ಕೇಳಿತು ಅನ್ನಿ, ನನ್ನ ಕೈ ನನ್ನನ್ನು ಕೇಳದೆ ಪೊರಕೆಯ ಕಡೆ ಹೋಗುತ್ತದೆ. ಪೊರಕೆ ಸಿಗದಿದ್ದರೆ ಕೆಳಗೆ ಬಿದ್ದ ಒಂದು ನುಗ್ಗೆಸೊಪ್ಪಿನ ಕಡ್ಡಿಯಾದರೂ ಸರಿ, ಎಲೆ ಬಿಡಿಸಲು ಶುರು. ಹಣೆಯಲ್ಲಿ ಬೆವರು ಇಲ್ಲವಲ್ಲ ಎಂದು ಗಾಬರಿ. ಆ ಕೈಯನ್ನು ಮಡಿಲಿಗೆ ವಾಪಸ್ ತಂದು ಇಟ್ಟುಕೊಂಡು, ಬಂದವರು ಬಂದು ನೋಡುವವರೆಗೂ ಹಾಗೇ ಇರುವುದು ಇದೆಯಲ್ಲ, ನನ್ನ ಸಾಧನೆಯೆಲ್ಲ ಅಷ್ಟೇ. "ಏನ್ಮಾಡ್ತಿದೀಯ ಇಲ್ಲಿ?" "ಏನೂ ಇಲ್ಲ." ಈ ಎರಡನೇ ಮಾತನ್ನು ಸಮಜಾಯಿಷಿ ಸೇರಿಸದೆ ಹೇಳುವುದು ಬರಬೇಕಾದರೆ ಎಷ್ಟು ದಿನ ಹಿಡಿಯಿತೋ ದೇವರೇ ಬಲ್ಲ. ಈಗಲೂ ಒಂದೊಂದು ಸಲ ಬಾಯಿ ತಪ್ಪಿ "ಕಾಲು ನೋವಿತ್ತು, ಅದಕ್ಕೆ..." ಎಂದು ಬಂದುಬಿಡುತ್ತದೆ.

ವಿಯೆಟ್ನಾಮಿನ ಬೌದ್ಧ ಗುರು ತಿಕ್ ನ್ಹಾತ್ ಹಾನ್ ಇನ್ನೂ ಸುಲಭದ ದಾರಿ ತೋರಿಸಿದ್ದಾರೆ. ಫ್ರಾನ್ಸಿನಲ್ಲಿ 1982ರಲ್ಲಿ ಅವರು ಕಟ್ಟಿದ ಪ್ಲಮ್ ವಿಲೇಜ್ ಆಶ್ರಮದಲ್ಲಿ ಆಗಾಗ ಗಂಟೆ ಬಾರಿಸುತ್ತದೆ. ಬಾರಿಸಿದೊಡನೆ ಎಲ್ಲರೂ ಇದ್ದಲ್ಲೇ ನಿಂತು ಮೂರು ಉಸಿರು ಎಳೆದುಕೊಂಡು ಮುಂದಕ್ಕೆ ಹೋಗುತ್ತಾರೆ. ಫೋನ್ ಬಂದರೂ ತಕ್ಷಣ ಎತ್ತುವುದಿಲ್ಲ. ನಮ್ಮ ಬೀದಿಯಲ್ಲಿ ಗಂಟೆಗೇನು ಬರವೇ ಅಂತ ನಾನೂ ಶುರು ಮಾಡಿದೆ. ಕುಕ್ಕರ್ ಕೂಗಿದರೆ ಮೂರು ಉಸಿರು. ಅಷ್ಟರಲ್ಲಿ ಅದು ಇನ್ನೆರಡು ಸಲ ಕೂಗಿ ಬೇಳೆ ಕರಗಿ ನೀರಾಯಿತು. ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿಸಿದಾಗ ನಿಂತು ಮೂರು ಉಸಿರು ಎಳೆದರೆ ಗಾಡಿ ಮುಂದಿನ ತಿರುವಿನಲ್ಲಿ. ಕಸ ಹಿಡಿದು ಓಡುವಾಗ ಉಸಿರಿನ ಮೇಲೆ ಗಮನ ಚೆನ್ನಾಗಿ ನಿಲ್ಲುತ್ತದೆ, ಅದನ್ನು ಒಪ್ಪಬೇಕು. ಗುರುಗಳು ನಮ್ಮ ವಾರ್ಡಿಗೆ ಬಂದಿದ್ದರೆ ನಿಯಮದಲ್ಲಿ ಒಂದೆರಡು ತಿದ್ದುಪಡಿ ಮಾಡುತ್ತಿದ್ದರೋ ಏನೋ.

ಕಳೆದ ಭಾನುವಾರ ಸೊಸೆ ಒಂದು ಸಲಹೆ ಕೊಟ್ಟಳು. ಒಬ್ಬೊಬ್ಬರೇ ಕೂತರೆ ಮಿಕ್ಕವರು ಕರೆಯುತ್ತಾರೆ, ಎಲ್ಲರೂ ಒಟ್ಟಿಗೆ ಕೂತುಬಿಟ್ಟರೆ ಕರೆಯುವವರು ಯಾರು? ಬುದ್ಧಿವಂತೆ. ಮಗು ಮಲಗಿದ್ದ ಹೊತ್ತು ನೋಡಿ ನಡುಮನೆಯಲ್ಲಿ ನಾಲ್ಕು ಜನ ಕೂತೆವು. ಆ್ಯಪ್ ಬೇಡ ಎಂದು ಬಹುಮತದಿಂದ ತೀರ್ಮಾನವಾಯಿತು. ನಮ್ಮವರು ಬೆಳಿಗ್ಗೆಯೇ ಬೆಂಕಿ ಉಳಿಸಿಕೊಂಡಿದ್ದರಿಂದ ಗಲಾಟೆ ಮಾಡಲಿಲ್ಲ. ಕಣ್ಣು ಮುಚ್ಚಿದೆವು. ಫ್ಯಾನಿನ ಸದ್ದು, ದೂರದಲ್ಲಿ ಯಾರದೋ ಮಿಕ್ಸಿ. ಇನ್ನೇನು ಹಿಡಿತಕ್ಕೆ ಬಂತು ಅನ್ನುವಾಗ ಕಾಲಿಂಗ್ ಬೆಲ್.

ಯಾರೂ ಅಲುಗಲಿಲ್ಲ. ಎರಡನೇ ಸಲ ಬೆಲ್ಲಾಯಿತು. ಎಡಕ್ಕೆ ಕೂತಿದ್ದ ಮಗನ ಉಸಿರು ಇದ್ದಕ್ಕಿದ್ದ ಹಾಗೆ ಆಳಕ್ಕೆ ಹೋಯಿತು. ಬಲಗಡೆ ನಮ್ಮವರದು ಇನ್ನೂ ಆಳ, ಗೊರಕೆಗೂ ಸಮಾಧಿಗೂ ನಡುವಿನ ಸ್ಥಿತಿ. ಸೊಸೆ ಕಡೆಯಿಂದ ಬಳೆಯ ಸದ್ದೂ ಇಲ್ಲ. ನಾನು ಎಂಥವಳು ಎಂದು ಈ ಮೂವರಿಗೂ ಗೊತ್ತು, ಮೂರನೇ ಬೆಲ್ಲಿಗೆ ಎದ್ದೇ ಏಳುತ್ತೇನೆ ಎಂದು ಕಾದು ಕೂತಿದ್ದಾರೆ. ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡೆ. ಮೂರನೇ ಬೆಲ್ಲೂ ಆಗಿ ಹೋಯಿತು. ಆಮೇಲೆ ಗೇಟಿನ ಸದ್ದು, ಬೈಕಿನ ಸದ್ದು.

ಕೊರಿಯರ್ ಹುಡುಗ ಪಾರ್ಸೆಲ್ಲನ್ನು ಎದುರುಮನೆಗೆ ಕೊಟ್ಟು ಹೋಗಿದ್ದ. ನಮ್ಮವರು ಯಾರಿಗೂ ಹೇಳದೆ ತರಿಸಿದ್ದ ಧ್ಯಾನದ ದಿಂಬು. ಸಂಜೆ ತರಲು ಹೋದೆ. ರಾಯರು ಅಂದಿನ ಎರಡನೇ ಧ್ಯಾನದ ಬೈಠಕ್ಕಿನಲ್ಲಿದ್ದರು: ದಿವಾನದ ಮೇಲೆ ಉದ್ದಕ್ಕೆ ಮಲಗಿ, ಪಾರ್ಸೆಲ್ಲನ್ನು ಬಿಚ್ಚದೆ ಹಾಗೇ ತಲೆಯ ಕೆಳಗೆ ಇಟ್ಟುಕೊಂಡು, ಬಾಯಿ ತೆರೆದು. ಎಬ್ಬಿಸಲು ಮನಸ್ಸಾಗದೆ ಬರಿಗೈಲಿ ಬಂದು ನಮ್ಮವರಿಗೆ ವರದಿ ಒಪ್ಪಿಸಿದೆ.

"ಅದು ತಲೆಗಲ್ಲ ಕಣೇ, ಕೂರೋಕೆ!" ಎಂದು ಗಾಬರಿಯಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡರು.